ಅರ್ಜಿಯ ಮೊದಲ ಸಾಲು

ಅರ್ಜಿ ಎಂಬ ಮಾತು ಅರಬ್ಬಿಯಿಂದ ಹೊರಟು ಪಾರಸಿಯ ಮೂಲಕ ನಮ್ಮ ನುಡಿಯನ್ನು ಸೇರಿತು. ಅದು ಬರುವುದಕ್ಕೆ ಮೊದಲು ಆ ಕಾರ್ಯಕ್ಕೆ ಕನ್ನಡದಲ್ಲಿ ಮಾತಿರಲಿಲ್ಲವೆಂದಲ್ಲ. ನಮ್ಮ ಶಾಸನಗಳಲ್ಲಿ 'ಬಿನ್ನಹ' ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಊರವರು ಅರಸನಲ್ಲಿಗೆ ಹೋಗಿ ಬಿನ್ನಹ ಮಾಡಿಕೊಂಡು ಕೆರೆಗೋ ದೇಗುಲಕ್ಕೋ ದತ್ತಿಯನ್ನು ಪಡೆದ ಸಂಗತಿಗಳನ್ನು ಕಲ್ಲುಗಳು ಇಂದಿಗೂ ಹೇಳುತ್ತಿವೆ. ಬಿನ್ನಹಕ್ಕೂ ಅರ್ಜಿಗೂ ಒಂದು ಅಂತರವುಂಟು. ಬಿನ್ನಹವನ್ನು ಕೈಮುಗಿದು ನಿಂತು ಬಾಯಿಂದ ಹೇಳಬಹುದಾಗಿತ್ತು. ಅರ್ಜಿಯನ್ನು ಬರೆಯಲೇಬೇಕು. ಬರೆಯಲು ಬಾರದವರು ಬರೆಯಬಲ್ಲವರ ಮೊರೆಹೋಗಬೇಕು. ಹೀಗಾಗಿಯೇ ಕಚೇರಿಗಳ ಮುಂದೆ, ಬೇವಿನ ಮರದ ನೆರಳಿನಲ್ಲಿ, ಸಣ್ಣ ಮೇಜನ್ನಿಟ್ಟುಕೊಂಡು ಕುಳಿತು ಪರರ ಕಷ್ಟಸುಖಗಳನ್ನು ಕಾಗದಕ್ಕಿಳಿಸುವ ಒಂದು ವೃತ್ತಿಯೇ ಬೆಳೆದುಬಂದಿತು. ಅವರು ಬರೆದ ಪತ್ರಗಳ ಕೊನೆಯಲ್ಲಿ 'ಬಿಕ್ಕಲಂ' ಎಂದು ಬರೆದವನ ಹೆಸರು ಇರುತ್ತಿತ್ತು. ಬರೆದದ್ದು ತಪ್ಪಾದರೆ ಯಾರನ್ನು ಕೇಳಬೇಕೆಂಬುದು ಅದರಿಂದ ತಿಳಿಯುತ್ತಿತ್ತು.

ನಾನು ಅಂಥ ವೃತ್ತಿಯವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಬಳ್ಳಾರಿಯ ಗಾಂಧಿನಗರದಲ್ಲಿರುವ ನಮ್ಮ ಮನೆಯ ಪಡಸಾಲೆಗೆ ಪ್ರತಿವರ್ಷವೂ ಚಳಿ ಹಿಂದೆಗೆದು ಬಿಸಿಲು ಬಲಿಯುವ ಹೊತ್ತಿಗೆ ಕೆಲವು ತರುಣ ತರುಣಿಯರು ಬರುತ್ತಾರೆ. ಕೇಂದ್ರ ಲೋಕಸೇವಾ ಆಯೋಗದವರು ನಾಗರಿಕ ಸೇವಾ ಪರೀಕ್ಷೆಯ ಪ್ರಕಟಣೆಯನ್ನು ಹೊರಡಿಸುವ ಕಾಲವದು. ಬರುವವರಲ್ಲಿ ಸಿರುಗುಪ್ಪದ ಕಡೆಯ ಭತ್ತದ ಗದ್ದೆಗಳ ಹಳ್ಳಿಗಳವರುಂಟು, ಕುರುಗೋಡಿನ ಬೆಟ್ಟದ ಸುತ್ತಿನವರುಂಟು. ಈಗ ಅರ್ಜಿಯೆಂದರೆ ಕಾಗದವಲ್ಲ, ಆಯೋಗದ ಜಾಲತಾಣದಲ್ಲಿ ತುಂಬಬೇಕಾದ ಚೌಕಗಳು. ಕಂಪ್ಯೂಟರ್ ಅಂಗಡಿಯಲ್ಲಿ ಹಣ ಕೊಟ್ಟರೆ ಹತ್ತು ನಿಮಿಷದಲ್ಲಿ ತುಂಬಿಕೊಡುತ್ತಾರೆ. ಆದರೆ ಇವರು ಹಾಗೆ ಮಾಡದೆ ನನ್ನ ಬಳಿಗೆ ಬರುವುದಕ್ಕೆ ಒಂದು ಕಾರಣವಿದೆ. ಸಿರುಗುಪ್ಪ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು ಅವರನ್ನು ಕಳುಹಿಸುತ್ತಾನೆ. ಅವನೇಕೆ ಕಳುಹಿಸುತ್ತಾನೆಂಬುದನ್ನು ಮುಂದೆ ಹೇಳುವೆನು.

ಈ ವರ್ಷ ಬಂದವಳು ಕುರುಗೋಡಿನ ಕಡೆಯ ಒಬ್ಬ ಹುಡುಗಿ. ಕೈಯಲ್ಲಿ ಲ್ಯಾಪ್‌ಟಾಪು, ಅದರ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಅಂಕಪಟ್ಟಿಗಳು, ಪ್ರಮಾಣಪತ್ರಗಳು. ಶಿಷ್ಯನು ಕೊಟ್ಟಿದ್ದ ಚೀಟಿಯಲ್ಲಿ ಒಂದೇ ಸಾಲು ಇತ್ತು: "ಸಾರ್, ಮೊದಲು ಎಸ್.ಎಸ್.ಎಲ್.ಸಿ. ಅಂಕಪಟ್ಟಿ ನೋಡಿ."

ಆ ಸಾಲಿನ ಅರ್ಥವನ್ನು ಹೇಳುವ ಮುನ್ನ, ಆಕೆ ಯಾವ ಬಾಗಿಲನ್ನು ತಟ್ಟಲು ಹೊರಟಿದ್ದಳೆಂಬುದನ್ನು ತಿಳಿಯುವುದು ಒಳ್ಳೆಯದು.

ಕ್ರಿ.ಶ. 1800ರಲ್ಲಿ ಬಳ್ಳಾರಿಯ ಸೀಮೆಯು ಹೈದರಾಬಾದಿನ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದಿತು. ಹೀಗೆ ಬಿಟ್ಟುಕೊಟ್ಟ ಪ್ರದೇಶಗಳಿಗೆ 'ದತ್ತ ಜಿಲ್ಲೆಗಳು' ಎಂಬ ಹೆಸರಾಯಿತು. ಅವುಗಳ ಆಡಳಿತಕ್ಕೆ ಮೊದಲು ಬಂದ ಮುಖ್ಯ ಕಲೆಕ್ಟರನು ಥಾಮಸ್ ಮನ್ರೋ. ಅವನು 1807ರವರೆಗೆ ಇಲ್ಲಿದ್ದನು. ಅಂದು ಕಲೆಕ್ಟರನಾಗಲು ಪರೀಕ್ಷೆಯಿರಲಿಲ್ಲ, ಅರ್ಜಿಯೂ ಇರಲಿಲ್ಲ. ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ತಮ್ಮ ಬಂಧುಗಳ, ಗೆಳೆಯರ ಮಕ್ಕಳನ್ನು ಹೆಸರಿಸಿ ಕಳುಹಿಸುತ್ತಿದ್ದರು. 1806ರಿಂದ ಆ ತರುಣರು ಇಂಗ್ಲೆಂಡಿನ ಕಾಲೇಜೊಂದರಲ್ಲಿ ಓದಿ ಬರುವ ಏರ್ಪಾಡಾಯಿತು. ಹೈಲಿಬರಿಯ ಕಾಲೇಜೆಂದು ಅದು ಪ್ರಸಿದ್ಧವಾಗಿದೆ. ಮದ್ರಾಸಿಗೆ ಬಂದಿಳಿದ ಮೇಲೆ ಅವರು ಇಲ್ಲಿಯ ಭಾಷೆಗಳನ್ನು ಕಲಿಯಬೇಕಾಗಿತ್ತು. ಇದಕ್ಕಾಗಿಯೇ 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾಯಿತು. ಮದ್ರಾಸಿನ ನಾಗರಿಕ ಸೇವೆಯಲ್ಲಿದ್ದ ಜಾನ್ ಮೆಕೆರೆಲ್ ಎಂಬುವನು 1820ರಲ್ಲಿ ಕನ್ನಡಕ್ಕೊಂದು ವ್ಯಾಕರಣವನ್ನೇ ಬರೆದನು. ಪ್ರಜೆಗಳ ಮಾತು ತಿಳಿಯದೆ ಕಂದಾಯ ವಸೂಲಿ ಸಾಧ್ಯವಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಳ್ಳಾರಿಯಲ್ಲಿ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬುವನ ಹೆಸರನ್ನು ಶಾಲೆಯಲ್ಲಿ ಕೆಲಸ ಮಾಡಿದವರೆಲ್ಲರೂ ತಿಳಿದಿರಬೇಕು. ಅವನು 1823ರ ಆಗಸ್ಟ್ ತಿಂಗಳಲ್ಲಿ ಈ ಜಿಲ್ಲೆಯ ಊರ ಶಾಲೆಗಳ ಬಗೆಗೆ ಮದ್ರಾಸಿನ ಕಂದಾಯ ಮಂಡಲಿಗೆ ಒಂದು ವರದಿಯನ್ನು ಕಳುಹಿಸಿದನು. ಅವನು ಎಣಿಸಿದ ಶಾಲೆಗಳು 533. ಅವುಗಳಲ್ಲಿ ಓದುತ್ತಿದ್ದ ಮಕ್ಕಳು 6,641. ಮಕ್ಕಳ ವಿದ್ಯಾಭ್ಯಾಸ ಐದನೆಯ ವಯಸ್ಸಿನಲ್ಲಿ ಮೊದಲಾಗುವುದೆಂದೂ ಅವನು ಬರೆದಿದ್ದಾನೆ. ಜನ ಬಡವರಾದುದರಿಂದ ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲವೆಂದು ತನ್ನ ಮೇಲಿನವರಿಗೆ ತಿಳಿಸುವಷ್ಟು ಪ್ರಾಮಾಣಿಕತೆ ಅವನಲ್ಲಿತ್ತು. ಆದರೆ ಆ 6,641 ಮಕ್ಕಳಲ್ಲಿ ಒಬ್ಬನಾದರೂ ಮುಂದೆ ಕ್ಯಾಂಪ್‌ಬೆಲ್ಲನ ಕುರ್ಚಿಯಲ್ಲಿ ಕುಳಿತಾನೆಂಬ ಯೋಚನೆ ಅಂದು ಯಾರಿಗೂ ಬಂದಿರಲಾರದು.

ಹೆಸರಿಸಿ ಕಳುಹಿಸುವ ಪದ್ಧತಿ 1855ರಲ್ಲಿ ಕೊನೆಗೊಂಡು ಸ್ಪರ್ಧಾತ್ಮಕ ಪರೀಕ್ಷೆ ಬಂದಿತು. ಬಾಗಿಲೇನೋ ತೆರೆಯಿತು, ಆದರೆ ಅದು ಇದ್ದದ್ದು ಲಂಡನ್ನಿನಲ್ಲಿ. ಕಡಲು ದಾಟಿ ಹೋಗಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು 1863ರಲ್ಲಿ ಸತ್ಯೇಂದ್ರನಾಥ ಠಾಕೂರರು, ಕವಿ ರವೀಂದ್ರರ ಅಣ್ಣ. ಅವರು ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಅಲ್ಲಿಗೆ ಬಂದು ಕೆಲಕಾಲ ತಂಗಿದ್ದರು. ಅಲ್ಲಿಯ ಕಡಲ ತೀರಕ್ಕೆ ಇಂದು ಕವಿಯ ಹೆಸರಿದೆ. ಪರೀಕ್ಷೆಯನ್ನು ಭಾರತದ ನೆಲದಲ್ಲಿಯೂ ನಡೆಸುವಂತಾದುದು 1922ರಲ್ಲಿ. 1926ರ ಅಕ್ಟೋಬರ್ 1ರಂದು ದೇಶಕ್ಕೆ ಮೊದಲ ಲೋಕಸೇವಾ ಆಯೋಗ ಬಂದಿತು. ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ರಂದು ಅದೇ ಕೇಂದ್ರ ಲೋಕಸೇವಾ ಆಯೋಗವಾಯಿತು. ಬಳ್ಳಾರಿ ಅಂದು ಇನ್ನೂ ಮದ್ರಾಸಿನಲ್ಲಿತ್ತು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯವನ್ನು ಸೇರಿದೆವು.

ಈಗ ಚೀಟಿಯ ಮಾತಿಗೆ ಬರೋಣ.

ಆಯೋಗದ ನಿಯಮಗಳು ಉದ್ದವಾಗಿವೆ. ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಜನ್ಮ ದಿನಾಂಕದ ನಿಯಮ. ಅಭ್ಯರ್ಥಿಯ ಹುಟ್ಟಿದ ದಿನಕ್ಕೆ ಆಯೋಗ ಒಪ್ಪುವ ಆಧಾರ ಮೆಟ್ರಿಕ್ಯುಲೇಷನ್ ಅಥವಾ ಅದಕ್ಕೆ ಸಮನಾದ ಶಾಲಾ ಪ್ರಮಾಣಪತ್ರ, ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಜಾತಕ ನಡೆಯದು. ಪ್ರಮಾಣಮಾಡಿ ಬರೆದುಕೊಟ್ಟ ಅಫಿಡವಿಟ್ಟು ನಡೆಯದು. ನಗರಸಭೆಯ ಜನನದ ನಕಲೂ ನಡೆಯದು. ಒಮ್ಮೆ ಅರ್ಜಿಯಲ್ಲಿ ತುಂಬಿ ಆಯೋಗದ ದಾಖಲೆಗೆ ಸೇರಿದ ದಿನಾಂಕವನ್ನು ಯಾವ ಕಾರಣಕ್ಕೂ ಬದಲಾಯಿಸುವಂತಿಲ್ಲ. ಪರೀಕ್ಷೆ ನಡೆಯುವ ವರ್ಷದ ಆಗಸ್ಟ್ 1ಕ್ಕೆ ಅಭ್ಯರ್ಥಿಗೆ 21 ತುಂಬಿರಬೇಕು, 32 ತುಂಬಿರಬಾರದು. ಇತರ ಹಿಂದುಳಿದ ವರ್ಗಗಳವರಿಗೆ ಮೂರು ವರ್ಷ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಐದು ವರ್ಷ ಸಡಿಲಿಕೆಯುಂಟು.

ಹಾಗಾದರೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಆ ದಿನಾಂಕ ಎಲ್ಲಿಂದ ಬಂದಿತು? ಪ್ರೌಢಶಾಲೆಯ ದಾಖಲೆಯಿಂದ. ಪ್ರೌಢಶಾಲೆಗೆ ಎಲ್ಲಿಂದ ಬಂದಿತು? ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರದಿಂದ. ಅಲ್ಲಿಗೆ ಬಂದದ್ದು ಒಂದನೆಯ ತರಗತಿಗೆ ಸೇರಿಸಿಕೊಂಡ ದಿನ ಮೇಷ್ಟರು ದಾಖಲಾತಿ ಪುಸ್ತಕದಲ್ಲಿ ಬರೆದ ಸಾಲಿನಿಂದ. ದೆಹಲಿಗೆ ಹೋಗುವ ಅರ್ಜಿಯ ಮೊದಲ ಸಾಲನ್ನು ಬರೆದವನು ಹಳ್ಳಿಯ ಶಾಲೆಯ ಮೇಷ್ಟರು. ಅದನ್ನು ಬರೆಯುವಾಗ ಅವನಿಗೆ ಅದು ಗೊತ್ತಿರುವುದಿಲ್ಲ.

ವಯಸ್ಸಿನ ಒಂದು ಅಂಕಿ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ನಮ್ಮ ರಾಷ್ಟ್ರೀಯ ಚರಿತ್ರೆಯಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. ಬಂಗಾಳದ ಸುರೇಂದ್ರನಾಥ ಬ್ಯಾನರ್ಜಿಯವರು 1868ರಲ್ಲಿ ಇಂಗ್ಲೆಂಡಿಗೆ ಹೋಗಿ ಮರುವರ್ಷ ಈ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅಂದಿನ ವಯೋಮಿತಿ 21. ಅವರು ಹುಟ್ಟಿದ್ದು 1848ರ ನವೆಂಬರಿನಲ್ಲಿ. ಆ ಲೆಕ್ಕದಂತೆ ಅವರಿಗೆ ಅಡ್ಡಿಯಿರಲಿಲ್ಲ. ಆದರೆ 1863ರ ಕೊನೆಯಲ್ಲಿ ಕಲ್ಕತ್ತೆಯ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂರುವಾಗ ಅವರ ವಯಸ್ಸನ್ನು 16 ಎಂದು ಬರೆಯಲಾಗಿತ್ತು. ನಮ್ಮ ಹಿರಿಯರು ತುಂಬಿದ ವರ್ಷವನ್ನು ಹೇಳದೆ ನಡೆಯುತ್ತಿರುವ ವರ್ಷವನ್ನು ಹೇಳುವುದು ರೂಢಿ. ಹದಿನೈದು ತುಂಬಿ ಹದಿನಾರರಲ್ಲಿ ನಡೆಯುತ್ತಿದ್ದರೆ ಹದಿನಾರೆಂದೇ ಹೇಳುವರು. ಲಂಡನ್ನಿನ ಅಧಿಕಾರಿಗಳು ಅದನ್ನು ತುಂಬಿದ ವರ್ಷವೆಂದೇ ಹಿಡಿದು, ಇವರಿಗೆ ವಯಸ್ಸು ಮೀರಿದೆಯೆಂದು ತೇರ್ಗಡೆಯಾದವರ ಪಟ್ಟಿಯಿಂದ ಹೆಸರನ್ನು ತೆಗೆದುಹಾಕಿದರು. ಶ್ರೀಪಾದ ಬಾಬಾಜಿ ಠಾಕೂರ್ ಎಂಬ ಮತ್ತೊಬ್ಬ ಭಾರತೀಯರಿಗೂ ಇದೇ ಗತಿಯಾಯಿತು. ಸುರೇಂದ್ರನಾಥರು ಲಂಡನ್ನಿನ ಕ್ವೀನ್ಸ್ ಬೆಂಚ್ ನ್ಯಾಯಾಲಯಕ್ಕೆ ಹೋದರು, ಅಧಿಕಾರಿಗಳು ಮಣಿಯಬೇಕಾಯಿತು. 1871ರಲ್ಲಿ ಅವರು ಸೇವೆಗೆ ಸೇರಿದರು. ಕೆಲವೇ ವರ್ಷಗಳಲ್ಲಿ ಬೇರೊಂದು ನೆಪದಿಂದ ಅವರನ್ನು ಸೇವೆಯಿಂದ ತೆಗೆದುಹಾಕಲಾಯಿತೆಂಬುದು ಬೇರೆಯ ಕಥೆ. ಮುಂದೆ ಪರೀಕ್ಷೆಯ ವಯೋಮಿತಿಯನ್ನು 19ಕ್ಕೆ ಇಳಿಸಿದಾಗ ಅದರ ವಿರುದ್ಧ ದೇಶವೆಲ್ಲ ತಿರುಗಿ ಜನಾಭಿಪ್ರಾಯ ಕಟ್ಟಿದವರೂ ಅವರೇ.

ಸುರೇಂದ್ರನಾಥರ ಪರವಾಗಿ ವಾದಿಸಲು ಅವರ ನಿಜವಾದ ಹುಟ್ಟಿದ ದಿನವಾದರೂ ಇತ್ತು. ನಮ್ಮ ಹಳ್ಳಿಯ ಮಕ್ಕಳಿಗೆ ಅದೂ ಇರುತ್ತಿರಲಿಲ್ಲ.

ನಾನು ನೌಕರಿಯ ಮೊದಲ ವರ್ಷಗಳನ್ನು ಕಳೆದದ್ದು ಒಂದು ಪ್ರಾಥಮಿಕ ಶಾಲೆಯಲ್ಲಿ. ತುಂಗಭದ್ರೆಯ ಕಾಲುವೆಯ ನೀರು ಹರಿಯುವ ಊರು. ಮಳೆಗಾಲ ಬಂದಿತೆಂದರೆ ತಾಯಂದಿರೆಲ್ಲ ನಾಟಿಯ ಕೆಲಸಕ್ಕೆ ಹೋಗುವರು. ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಲು ಬಂದವರನ್ನು "ಮಗು ಯಾವಾಗ ಹುಟ್ಟಿತು?" ಎಂದು ಕೇಳಿದರೆ ಬರುತ್ತಿದ್ದ ಉತ್ತರಗಳು ವಿಚಿತ್ರವಾಗಿರುತ್ತಿದ್ದವು. ಜಾತ್ರೆ ಮುಗಿದ ಎಂಟು ದಿನಕ್ಕೆ, ಕಾಲುವೆಗೆ ನೀರು ಬಿಟ್ಟ ಹೊತ್ತಿಗೆ, ದೊಡ್ಡ ಎತ್ತು ಸತ್ತ ವರ್ಷ. ತಾಯಂದಿರಿಗೆ ಮಗು ಹುಟ್ಟಿದ ಗಳಿಗೆ ನೆನಪಿರುತ್ತಿತ್ತು, ಆದರೆ ಇಸವಿ ಮಾತ್ರ ತಿಳಿಯದು. ನಾವು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿಸುತ್ತಿದ್ದೆವು. ಮುಟ್ಟಿದರೆ ಶಾಲೆಯ ವಯಸ್ಸು ಬಂದಿದೆಯೆಂದು ಅರ್ಥ. ಬಳಿಕ ಪುಸ್ತಕದಲ್ಲಿ ಜೂನ್ 1 ಎಂದು ಬರೆಯುತ್ತಿದ್ದೆವು. ಹೀಗಾಗಿ ನಾಡಿನ ಎಷ್ಟೋ ತರಗತಿಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಒಂದೇ ದಿನ ಹುಟ್ಟಿದವರು. ಇದನ್ನು ನಾವು ತಮಾಷೆಯ ಸಂಗತಿಯೆಂದೇ ತಿಳಿದಿದ್ದೆವು.

1993ರ ಜೂನಿನಲ್ಲಿ ಒಬ್ಬ ತಾಯಿ ಮಗನ ಕೈಹಿಡಿದು ಬಂದಳು. ಸೀರೆಯ ಅಂಚಿಗೆ ಕೆಸರು ಹತ್ತಿತ್ತು, ಕೆಲಸದ ನಡುವೆ ಬಂದಿದ್ದಳೆಂದು ಕಾಣುತ್ತದೆ. ಇತರರಂತಲ್ಲದೆ ಅವಳಿಗೆ ಇಸವಿಯೂ ಗೊತ್ತಿತ್ತು. ಮಗ ಹುಟ್ಟಿದ್ದು 1987ರ ದೀಪಾವಳಿಯಲ್ಲಿ. ಬೆರಳು ಮಡಿಸಿ ಎಣಿಸಿದೆ. ಐದು ವರ್ಷ ಏಳು ತಿಂಗಳು ಮಾತ್ರ. ಒಂದನೆಯ ತರಗತಿಗೆ ಸಾಲದು. ಮುಂದಿನ ವರ್ಷ ಕರೆತರಲು ಹೇಳಿದೆ. ಅವಳು ಅಲ್ಲಿಂದ ಕದಲಲಿಲ್ಲ.

"ಈ ಸಲ ಬ್ಯಾಡ ಅಂದ್ರ ಅವರಪ್ಪ ಕುರಿ ಹಿಂದ ಕಳಸತಾನ್ರಿ ಸಾರ್. ಕುರಿ ಹಿಂದ ಹೋದಾವ ತಿರುಗಿ ಬರಂಗಿಲ್ರಿ."

ಹುಡುಗನು ನನ್ನ ಮೇಜಿನ ಮೇಲಿದ್ದ ಶಾಯಿಯ ಬಾಟಲಿಯನ್ನೇ ನೋಡುತ್ತ ನಿಂತಿದ್ದನು. ನಾನು ಪುಸ್ತಕವನ್ನು ತೆರೆದು 1-6-1987 ಎಂದು ಬರೆದೆನು. ಆರು ವರ್ಷ ತುಂಬಿದಂತಾಯಿತು. ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷ ಆ ದಿನವೆಲ್ಲ ನನ್ನಲ್ಲಿತ್ತು.

ಅವನೇ ಆ ಶಿಷ್ಯ. ಓದಿನಲ್ಲಿ ಮುಂದಿದ್ದನು. ಪದವಿ ಮುಗಿಸಿ, ಮೇಷ್ಟರ ಕೆಲಸಕ್ಕೆ ಸೇರಿ, ದುಡಿಯುತ್ತಲೇ ನಾಗರಿಕ ಸೇವಾ ಪರೀಕ್ಷೆಗೆ ಕಟ್ಟಿದನು. ಅವನಿಗೆ ಅನ್ವಯಿಸುತ್ತಿದ್ದುದು 32ರ ಮಿತಿ ಮತ್ತು ಆರು ಬಾರಿಯ ಅವಕಾಶ. ಮೊದಮೊದಲು ಪೂರ್ವಭಾವಿ ಪರೀಕ್ಷೆಯನ್ನೇ ದಾಟಲಾಗಲಿಲ್ಲ. ಐದನೆಯ ಬಾರಿಗೆ, 2018ರಲ್ಲಿ, ಅದನ್ನು ದಾಟಿ ಬೆಂಗಳೂರಿಗೆ ಹೋಗಿ ಮುಖ್ಯ ಪರೀಕ್ಷೆಯನ್ನು ಬರೆದುಬಂದನು. ಸಂದರ್ಶನಕ್ಕೆ ಕರೆ ಬರಲಿಲ್ಲ. ಆದರೂ ಎಲ್ಲಿ ಎಡವಿದೆನೆಂಬುದು ಈಗ ತಿಳಿದಿದೆ, ಇನ್ನೊಂದು ಅವಕಾಶವಿದೆ ಎಂದು ಉತ್ಸಾಹದಿಂದಿದ್ದನು. 2019ರ ಫೆಬ್ರವರಿಯಲ್ಲಿ ಪ್ರಕಟಣೆ ಬಂದಿತು. ಸಡಿಲಿಕೆಯಿಲ್ಲದವರು 1987ರ ಆಗಸ್ಟ್ 2ಕ್ಕಿಂತ ಮೊದಲು ಹುಟ್ಟಿರಬಾರದು. ಅವನು ದೀಪಾವಳಿಯ ಮಗು. ದಾಖಲೆಯಲ್ಲಿ ಜೂನ್ 1ರ ಮಗು. ಎರಡು ತಿಂಗಳಿನಿಂದ ಬಾಗಿಲು ಮುಚ್ಚಿತು.

ಅವನು ಒಂದು ಭಾನುವಾರ ನಮ್ಮ ಮನೆಗೆ ಬಂದನು. ಹಳೆಯ ಶಾಲೆಗೆ ಹೋಗಿ ದಾಖಲಾತಿ ಪುಸ್ತಕದ ಆ ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಬಂದಿದ್ದನು. ಶಾಯಿ ಸ್ವಲ್ಪ ಮಾಸಿತ್ತು, ಅಕ್ಷರ ನನ್ನದೇ. "ಇದನ್ನು ತಿದ್ದಲು ಬರುತ್ತದೆಯೇ ಸಾರ್?" ಎಂದು ಕೇಳಿದನು. ಬರುವುದಿಲ್ಲವೆಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕಾಫಿ ಕುಡಿದು ಹೋದನು. ನನ್ನನ್ನು ಒಂದು ಮಾತನ್ನೂ ಅನ್ನಲಿಲ್ಲ.

ಇದನ್ನು ನಾನು ಅನೇಕ ಬಾರಿ ಲೆಕ್ಕಹಾಕಿ ನೋಡಿದ್ದೇನೆ. ನಿಜವನ್ನು ಬರೆದಿದ್ದರೆ ಆ ವರ್ಷ ಅವನು ಶಾಲೆಗೆ ಸೇರುತ್ತಿರಲಿಲ್ಲ. ಬಹುಶಃ ಯಾವ ವರ್ಷವೂ ಸೇರುತ್ತಿರಲಿಲ್ಲ. ಸುಳ್ಳನ್ನು ಬರೆದದ್ದರಿಂದ ಶಾಲೆ ಸಿಕ್ಕಿತು, ಪದವಿ ಸಿಕ್ಕಿತು, ಐದು ಬಾರಿಯ ಅವಕಾಶ ಸಿಕ್ಕಿತು, ಆರನೆಯದು ಸಿಕ್ಕಲಿಲ್ಲ. ಆರನೆಯ ಬಾರಿ ಅವನು ತೇರ್ಗಡೆಯಾಗುತ್ತಿದ್ದನೆಂದು ಯಾರೂ ಹೇಳಲಾರರು. ಆದರೆ ಬರೆದವನು ನಾನು. ಇಂಥ ತಪ್ಪಿಗೆ ಬಿಕ್ಕಲಂ ಹಾಕುವ ಜಾಗ ದಾಖಲಾತಿ ಪುಸ್ತಕದಲ್ಲಿ ಇಲ್ಲ.

ಒಂದು ವರ್ಷ ಕಳೆದ ಮೇಲೆ ಅವನು ತನ್ನ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ನನ್ನಲ್ಲಿಗೆ ಕಳುಹಿಸತೊಡಗಿದನು. ಕೈಯಲ್ಲಿ ಅದೇ ಚೀಟಿ.

ಹುಡುಗಿಯ ಅರ್ಜಿಗೆ ಬರುವೆನು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದೇ ಇನಿಷಿಯಲ್ ಇತ್ತು. ಪದವಿ ಪತ್ರದಲ್ಲಿ ತಂದೆಯ ಹೆಸರು ಪೂರ್ತಿಯಾಗಿತ್ತು, ಆಧಾರ್ ಕಾರ್ಡಿನಲ್ಲಿ ಊರ ಹೆಸರೂ ಸೇರಿಕೊಂಡಿತ್ತು. ನಮ್ಮ ಕಡೆಯ ಮಕ್ಕಳ ಹೆಸರುಗಳು ಹೀಗೆ ಶಾಲೆಯಲ್ಲೊಂದು ರೀತಿ, ಬ್ಯಾಂಕಿನಲ್ಲೊಂದು ರೀತಿ ಇರುತ್ತವೆ. ಅರ್ಜಿಯಲ್ಲಿ ಹೆಸರನ್ನು ಅಂಕಪಟ್ಟಿಯಲ್ಲಿದ್ದಂತೆಯೇ ಅಕ್ಷರ ಬಿಡದೆ ಬರೆಯಬೇಕೆಂದು ಹೇಳಿದೆ.

ಮುಂದಿನದು ವರ್ಗದ ಚೌಕ. ಇಲ್ಲಿ ನಮ್ಮವರು ಹೆಚ್ಚಾಗಿ ಎಡವುತ್ತಾರೆ. ನಮ್ಮ ರಾಜ್ಯದ ಪ್ರವರ್ಗಗಳು ಬೇರೆ, ಕೇಂದ್ರ ಸರ್ಕಾರದ ಇತರ ಹಿಂದುಳಿದ ವರ್ಗಗಳ ಪಟ್ಟಿ ಬೇರೆ. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲಿ ಇದ್ದೇ ಇರುವುದೆಂದಿಲ್ಲ. ಪ್ರಮಾಣಪತ್ರವು ಕೇಂದ್ರದ ನಮೂನೆಯಲ್ಲಿರಬೇಕು, ಕೆನೆಪದರಕ್ಕೆ ಸೇರಿದವರಲ್ಲವೆಂಬುದು ಅದರಲ್ಲಿರಬೇಕು, ಅದನ್ನು ಪಡೆದ ದಿನಾಂಕ ಸರಿಯಾಗಿರಬೇಕು. ಕೊನೆಯ ದಿನ ತಹಸೀಲ್ದಾರರ ಕಚೇರಿಗೆ ಓಡಿ ಪ್ರಯೋಜನವಿಲ್ಲ. ಹುಡುಗಿ ಇದನ್ನು ಮೊದಲೇ ನೋಡಿಕೊಂಡಿದ್ದಳು. ಶುಲ್ಕ ನೂರು ರೂಪಾಯಿ. ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಪರೀಕ್ಷಾ ಕೇಂದ್ರಗಳಲ್ಲಿ ಜಾಗಕ್ಕೆ ಮಿತಿಯಿರುವುದರಿಂದ ಮೊದಲು ಅರ್ಜಿ ಹಾಕಿದವರಿಗೆ ಬೇಕಾದ ಊರು ಸಿಗುತ್ತದೆ.

ಆಮೇಲೆ ಐಚ್ಛಿಕ ವಿಷಯ ಮತ್ತು ಉತ್ತರಿಸುವ ಭಾಷೆ. ಇಲ್ಲಿ ಅವಳು ಕೈ ನಿಲ್ಲಿಸಿದಳು.

ಕನ್ನಡದಲ್ಲಿ ಈ ಪರೀಕ್ಷೆಯನ್ನು ಬರೆಯಬಹುದೆಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಡಾ. ಡಿ. ಎಸ್. ಕೊಠಾರಿಯವರ ಸಮಿತಿ 1976ರಲ್ಲಿ ಕೊಟ್ಟ ವರದಿಯಂತೆ 1979ರಿಂದ ಪೂರ್ವಭಾವಿ, ಮುಖ್ಯ, ಸಂದರ್ಶನ ಎಂಬ ಮೂರು ಹಂತಗಳ ಪದ್ಧತಿ ಬಂದಿತು. ಅಂದಿನಿಂದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವ ಭಾಷೆಯಲ್ಲಾದರೂ ಮುಖ್ಯ ಪರೀಕ್ಷೆಯ ಉತ್ತರಗಳನ್ನು ಬರೆಯಬಹುದು. ಸಂದರ್ಶನದಲ್ಲಿಯೂ ಕನ್ನಡದಲ್ಲಿ ಮಾತನಾಡಬಹುದು. ಆದರೆ ಹಕ್ಕಿರುವುದು ಬೇರೆ, ಹಾದಿ ಸುಗಮವಾಗಿರುವುದು ಬೇರೆ. ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಮುಖ್ಯ ಪರೀಕ್ಷೆಯಲ್ಲಿಯೂ ಭಾಷೆ ಸಾಹಿತ್ಯಗಳ ಪತ್ರಿಕೆಗಳನ್ನು ಬಿಟ್ಟರೆ ಹಾಗೆಯೇ. ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಓದಿ ಕನ್ನಡದಲ್ಲಿ ಯೋಚಿಸಿ ಬರೆಯಬೇಕು. ಅರ್ಥಶಾಸ್ತ್ರ, ವಿಜ್ಞಾನಗಳ ಹೊಸ ವಿಚಾರಗಳನ್ನು ಕನ್ನಡದಲ್ಲಿ ಹೇಳುವ ಪುಸ್ತಕಗಳು ಸಾಕಷ್ಟಿಲ್ಲ. ಎರಡು ಶತಮಾನಗಳ ಹಿಂದೆ ಕಂಪನಿಯ ಅಧಿಕಾರಿಗಾಗಿ ಕನ್ನಡ ವ್ಯಾಕರಣ ಸಿದ್ಧವಾಯಿತು. ಕನ್ನಡದ ಅಭ್ಯರ್ಥಿಗಾಗಿ ಒಂದು ಪ್ರಶ್ನೆಪತ್ರಿಕೆ ಇನ್ನೂ ಸಿದ್ಧವಾಗಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಐಚ್ಛಿಕ ವಿಷಯದ ಮಾತು ಮಾತ್ರ ಹಾಗಲ್ಲ. ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡರೆ ತಲಾ 250 ಅಂಕಗಳ ಎರಡು ಪತ್ರಿಕೆಗಳನ್ನು ಕನ್ನಡದಲ್ಲಿಯೇ ಬರೆಯಬೇಕು. 2016ರ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ ಮೊದಲಿಗರಾದ ಕೋಲಾರದ ಕೆ. ಆರ್. ನಂದಿನಿಯವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯವೇ. ಸರ್ಕಾರಿ ಪ್ರೌಢಶಾಲೆಯ ಉಪಾಧ್ಯಾಯರ ಮಗಳು. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಒಮ್ಮೆ ಕಂದಾಯ ಸೇವೆಗೆ ಆಯ್ಕೆಯಾಗಿದ್ದರೂ ನಿಲ್ಲದೆ ನಾಲ್ಕನೆಯ ಪ್ರಯತ್ನದಲ್ಲಿ ಈ ಸ್ಥಾನವನ್ನು ಪಡೆದರು. 2017ರ ಮೇ ಕೊನೆಯಲ್ಲಿ ಆ ಸುದ್ದಿ ಬಂದ ದಿನ ಕನ್ನಡ ಮೇಷ್ಟರುಗಳಾದ ನಮಗೆಲ್ಲ ನಮ್ಮ ಮನೆಯ ಮಗಳೇ ಗೆದ್ದಳೆಂಬ ಸಂಭ್ರಮ. ಕನ್ನಡ ಎಂ.ಎ. ಓದಿ ಏನು ಪ್ರಯೋಜನವೆಂದು ಹಂಗಿಸುತ್ತಿದ್ದ ನೆರೆಯವರಿಗೆ ನಾನು ಅಂದು ಪೇಪರನ್ನು ಕರೆದು ತೋರಿಸಿದೆನು. ಸಣ್ಣತನವೆನ್ನಬಹುದು, ಆದರೆ ತೋರಿಸಿದೆನು.

"ನೀವೇ ಹೇಳಿ ಸಾರ್, ಯಾವುದನ್ನು ಒತ್ತಲಿ?" ಎಂದಳು ಹುಡುಗಿ.

ನಾನು ಹೇಳಲಿಲ್ಲ. ಒಮ್ಮೆ ಪರರ ಅರ್ಜಿಯ ಸಾಲನ್ನು ಬರೆದು ನೋಡಿದ್ದೇನೆ. ಹತ್ತು ಹಳೆಯ ಪ್ರಶ್ನೆಗಳನ್ನು ಎರಡು ಭಾಷೆಗಳಲ್ಲಿಯೂ ಗಡಿಯಾರ ಇಟ್ಟುಕೊಂಡು ಬರೆದು ನೋಡಿ, ಮೂರು ದಿನ ಬಿಟ್ಟು ಬಾ ಎಂದೆ. ಕೊನೆಯ ದಿನಕ್ಕೆ ಇನ್ನೂ ಸಮಯವಿತ್ತು.

ಮೂರು ದಿನವಾದ ಮೇಲೆ ಬಂದಳು. ಸಾಮಾನ್ಯ ಅಧ್ಯಯನದ ಪತ್ರಿಕೆಗಳಿಗೆ ಇಂಗ್ಲಿಷನ್ನೂ ಐಚ್ಛಿಕಕ್ಕೆ ಕನ್ನಡ ಸಾಹಿತ್ಯವನ್ನೂ ಆರಿಸಿಕೊಂಡಿದ್ದಳು. ನನಗೆ ಒಳಗೊಳಗೆ ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯಲೆಂಬ ಆಸೆಯಿತ್ತು. ಅವಳ ಕಾರಣಗಳು ಸರಿಯಾಗಿದ್ದವು. ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವುದರಲ್ಲಿ ಪ್ರತಿ ಉತ್ತರಕ್ಕೂ ಒಂದೂವರೆ ನಿಮಿಷ ಹೋಗುತ್ತಿತ್ತಂತೆ. ಬರೆದ ಹಾಳೆಗಳನ್ನು ತಂದು ಮುಂದಿಟ್ಟಳು. ನಾನು ಮರುಮಾತನಾಡಲಿಲ್ಲ.

ಮುಂದೆ ಏನಿದೆಯೆಂಬುದನ್ನೂ ಅವಳಿಗೆ ಮರೆಮಾಚದೆ ಹೇಳಿದೆ. 2022ರ ಪರೀಕ್ಷೆಗೆ ಅರ್ಜಿ ಹಾಕಿದವರು 11,35,697 ಮಂದಿ. ಪೂರ್ವಭಾವಿ ಪರೀಕ್ಷೆಗೆ ಬಂದು ಕುಳಿತವರು 5,73,735. ಮುಖ್ಯ ಪರೀಕ್ಷೆಗೆ ಅರ್ಹರಾದವರು 13,090, ಸಂದರ್ಶನಕ್ಕೆ ಹೋದವರು 2,529, ಕೊನೆಗೆ ಆಯ್ಕೆಯಾದವರು 933. ಈ ಅಂಕಿಗಳಲ್ಲಿ ನನ್ನನ್ನು ಯೋಚನೆಗೆ ಹಚ್ಚುವುದು ಕೊನೆಯದಲ್ಲ, ಮೊದಲಿನ ಎರಡು. ಅರ್ಜಿ ಹಾಕಿದವರಲ್ಲಿ ಸುಮಾರು ಅರ್ಧದಷ್ಟು ಜನ ಪರೀಕ್ಷೆಯ ಕೊಠಡಿಗೇ ಬರಲಿಲ್ಲ. ಊರಿನಲ್ಲಿ ನಾಲ್ಕು ಜನ ಕೇಳಿದರೆಂದೋ, ಗೆಳೆಯರು ಹಾಕಿದರೆಂದೋ ಹಾಕಿಟ್ಟ ಅರ್ಜಿಗಳು ಅವು. ಬಂದವರೂ ಹುಷಾರಾಗಿರಬೇಕು. ಪೂರ್ವಭಾವಿಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗವನ್ನು ಕಳೆಯುತ್ತಾರೆ. ತಿಳಿಯದುದನ್ನು ತಿಳಿಯದೆಂದು ಬಿಡುವುದಕ್ಕೂ ಅಭ್ಯಾಸ ಬೇಕು.

ಪೂರ್ವಭಾವಿಯನ್ನು ದಾಟಿದವರು ತಮ್ಮ ಊರು, ಓದು, ಹವ್ಯಾಸಗಳನ್ನೆಲ್ಲ ವಿವರವಾಗಿ ತುಂಬಿಕೊಡಬೇಕು. ಸಂದರ್ಶನದಲ್ಲಿ 275 ಅಂಕಗಳಿಗೆ ನಡೆಯುವ ಮಾತುಕತೆ ಬಹುಮಟ್ಟಿಗೆ ಇದರ ಮೇಲೆಯೇ. ಹಿಂದೊಮ್ಮೆ ಒಬ್ಬ ಹುಡುಗನು 'ಪಕ್ಷಿವೀಕ್ಷಣೆ' ಎಂದು ಬರೆದಿದ್ದನು. ಮನೆಯಂಗಳದಲ್ಲಿ ಕುಳಿತಿದ್ದ ಹಕ್ಕಿಯನ್ನು ತೋರಿಸಿ ಇದಾವುದೆಂದು ಕೇಳಿದೆ. ಗುಬ್ಬಿಯೆಂದನು, ಅದು ಪಿಕಳಾರವಾಗಿತ್ತು. ಅಳಿಸಿಹಾಕಿಸಿದೆ. ಬಳ್ಳಾರಿಯವರನ್ನು ಹಂಪೆಯ ಬಗೆಗೆ ಕೇಳುವರು, ಗಣಿಗಳ ಬಗೆಗೆ ಕೇಳಿಯೇ ಕೇಳುವರು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಏಕೆ ನಿಲ್ಲಿಸಿತು, ಅದರಿಂದ ಲಾರಿಯವರ, ಕೂಲಿಯವರ ಗತಿ ಏನಾಯಿತು ಎಂಬುದನ್ನು ಪುಸ್ತಕದಲ್ಲಿ ಓದಿ ಹೇಳುವುದಕ್ಕೂ ಕಣ್ಣಾರೆ ಕಂಡು ಹೇಳುವುದಕ್ಕೂ ವ್ಯತ್ಯಾಸವಿದೆ. ಹುಡುಗಿಯ ತಂದೆ ಲಾರಿ ಓಡಿಸುತ್ತಿದ್ದವನು. ಆ ಮಾತು ಬಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ನಾನು ಹೇಳಬಲ್ಲೆ" ಎಂದಳು.

ಕೊನೆಗೆ ಎಲ್ಲವನ್ನೂ ಮೊದಲಿನಿಂದ ಓದಿಸಿದೆ. ಅವಳು ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುತ್ತ ಹೋದಳು. ಹೆಸರು ಸರಿ, ತಂದೆ ತಾಯಿಯರ ಹೆಸರು ಸರಿ. ಜನ್ಮ ದಿನಾಂಕ, ಜೂನ್ 1. ಓದಿ ನಕ್ಕಳು.

"ನಮ್ಮ ಕ್ಲಾಸಿನಲ್ಲಿ ಹನ್ನೊಂದು ಜನ ಜೂನ್ ಒಂದರವರು ಸಾರ್."

"ನೀನು ನಿಜವಾಗಿ ಹುಟ್ಟಿದ್ದು ಯಾವಾಗ?"

"ಗೊತ್ತಿಲ್ಲ ಸಾರ್. ಅಮ್ಮನಿಗೆ ಗೊತ್ತು."

ವಯಸ್ಸಿನ ಮಿತಿಗೆ ಅವಳಿಗೆ ಇನ್ನೂ ಬಹಳ ವರ್ಷಗಳಿದ್ದವು. ಆದರೂ ಒಂದು ಕಾಗದದ ಮೇಲೆ, ಈ ದಾಖಲೆಯಂತೆ ಅವಳಿಗೆ ಕೊನೆಯ ಅವಕಾಶ ಯಾವ ವರ್ಷದ ಪರೀಕ್ಷೆಯಲ್ಲಿ ಎಂಬುದನ್ನು ಅವಳ ಕೈಯಿಂದಲೇ ಲೆಕ್ಕಹಾಕಿಸಿದೆ. ಎರಡು ಬಾರಿ ಹಾಕಿದಳು. ಎರಡು ಬಾರಿಯೂ ಒಂದೇ ವರ್ಷ ಬಂದಿತು. ಆ ವರ್ಷವನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಳು. ಆಮೇಲೆ ಅರ್ಜಿಯನ್ನು ಸಲ್ಲಿಸುವ ಗುಂಡಿಯನ್ನು ಒತ್ತಿದಳು. ಪರದೆಯ ಮೇಲೆ ಬಂದ ಸಂಖ್ಯೆಯನ್ನು ಅವಳು ಓದಿ ಹೇಳುತ್ತ ಹೋದಂತೆ ನಾನು ಅದೇ ಚೀಟಿಯ ಮೇಲೆ, ಅವಳೆಳೆದ ಗೆರೆಯ ಕೆಳಗೆ, ಒಂದೊಂದೇ ಅಂಕಿಯನ್ನು ಬರೆದು, ಸರಿಯಾಗಿದೆಯೇ ನೋಡಿಕೋ ಎಂದು ಅವಳ ಕೈಗೆ ಕೊಟ್ಟೆನು.